ಜಾಝ್ ಅನ್ನೋ ಪದದ ಮೂಲ ಹುಡುಕೋದು ಹೇಗೆ

ಅಮೆರಿಕದ ಒಂದು ಸಂಗೀತ ಶೈಲಿಗೆ ಹೇಳೋ ಜಾಝ್ ಅನ್ನೋ ಪದ ಎಲ್ಲಿಂದ ಬಂತು ಅಂತ ಹುಡುಕೋಕೆ ಹೊರಟ್ರೆ ಮೊದ್ಲು ಸಿಗೋದು ಬರೀ ಕಥೆಗಳು. ಜಾಸ್ಬೋ ಅನ್ನೋ ವಾದಕನ ಹೆಸರಂತೆ, ಹರಟೆ ಹೊಡಿಯೋದು ಅನ್ನೋ ಅರ್ಥದ ಫ್ರೆಂಚ್ ಪದ ಅಂತೆ, ಆಫ್ರಿಕಾದ್ದಂತೆ. ಎಲ್ಲಾನೂ ಬರೆದಿಟ್ಕೊಳ್ಳಿ, ಆದ್ರೆ ಶುರು ಮಾತ್ರ ತಾರೀಕು ಸಮೇತ ಅಚ್ಚಾಗಿರೋ ಸಾಲುಗಳಿಂದಾನೇ ಮಾಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ತೆಗೆದ್ರೆ ಒಂದೊಂದು ಅರ್ಥದ ಕೆಳಗೂ ಹಳೇ ಬಳಕೆಗಳನ್ನ ಇಸವಿ ಪ್ರಕಾರ ಕೊಟ್ಟಿರ್ತಾರೆ, ಅದ್ರಲ್ಲಿ ಎಲ್ಲಕ್ಕಿಂತ ಹಳೇದನ್ನ ಹಿಡೀರಿ.

ಆಮೇಲೆ ಸಂಗೀತ ಬೇರೆ, ಪದ ಬೇರೆ ಅಂತ ಇಟ್ಕೊಳ್ಳಿ, ಬಹಳ ಜನ ಎಡವೋದು ಇಲ್ಲೇ. ಸಂಗೀತ ಬೆಳೆದಿದ್ದು ನ್ಯೂ ಆರ್ಲಿಯನ್ಸ್‌ನ ಕಪ್ಪು ವಾದಕರ ಕೈಯಲ್ಲಿ, ಆದ್ರೆ ಪದದ ಹಳೇ ಗುರುತು ಸಿಕ್ಕಿರೋದು ಕ್ಯಾಲಿಫೋರ್ನಿಯಾ ಪೇಪರ್‌ಗಳಲ್ಲಿ, ಅದೂ ಬೇಸ್‌ಬಾಲ್ ಸುದ್ದೀಲಿ! 1912ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್ ಟೈಮ್ಸ್‌ನಲ್ಲಿ ಬೆನ್ ಹೆಂಡರ್ಸನ್ ಅನ್ನೋ ಪಿಚರ್ ತನ್ನ ಓಲಾಡೋ ಎಸೆತಕ್ಕೆ ಜಾಝ್ ಬಾಲ್ ಅಂದಿದ್ದ. 1913ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬುಲೆಟಿನ್‌ನಲ್ಲಿ ಗ್ಲೀಸನ್ ಅನ್ನೋ ವರದಿಗಾರ ಆಟಗಾರರ ಹುರುಪಿಗೆ ಇದೇ ಪದ ಬಳಸಿದ. ಸಂಗೀತದ ಅರ್ಥ 1915ರಲ್ಲಿ ಶಿಕಾಗೋ ಪೇಪರ್‌ನಲ್ಲಿ ಬರುತ್ತೆ, ನ್ಯೂ ಆರ್ಲಿಯನ್ಸ್ ಪೇಪರ್‌ನಲ್ಲಿ 1916ರ ನವೆಂಬರ್‌ನಲ್ಲಿ. ಬರೀ ಸಂಗೀತದ ಲೇಖನ ಓದ್ತಾ ಕೂತಿದ್ರೆ ಮೊದಲಿನ ಎರಡೂ ಸಿಗ್ತಿರ್ಲಿಲ್ಲ, ಅದಕ್ಕೇ ಕ್ರೀಡೆ, ಜಾಹೀರಾತು ಎಲ್ಲಾ ಪುಟಾನೂ ನೋಡಿ.

ಹಳೇ ಅಮೆರಿಕನ್ ಪೇಪರ್‌ಗಳು ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕಾದಲ್ಲಿ ಫ್ರೀ ಆಗಿ ಸಿಗುತ್ತೆ, ಎಲ್ಲಾ ಪೇಪರ್ ಇರಲ್ಲ ಆದ್ರೂ ಶುರು ಮಾಡೋಕೆ ಒಳ್ಳೇದು. ಸ್ಪೆಲ್ಲಿಂಗ್ ಬದಲಾಯಿಸಿ ಬದಲಾಯಿಸಿ ಹುಡುಕಿ, ಕೊನೇಲಿ ಎರಡು ಝಡ್ ಇರೋದು, ಎರಡು ಎಸ್ ಇರೋದು, ಒಂದೇ ಎಸ್ ಇರೋದು. 1917ರಲ್ಲಿ ವಿಕ್ಟರ್ ಕಂಪನಿಗೆ ರೆಕಾರ್ಡ್ ಮಾಡಿದ ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ ಕೂಡ ಆಗ ತನ್ನ ಹೆಸರಲ್ಲಿ ಈ ಪದಾನ ಎರಡು ಎಸ್ ಹಾಕೇ ಬರ್ಕೊಳ್ತಿತ್ತು. ಹಳೇ ಅಚ್ಚನ್ನ ಕಂಪ್ಯೂಟರ್ ತಪ್ಪಾಗಿ ಓದೋದು ಮಾಮೂಲು, ಹಾಗಾಗಿ ಏನೇ ಸಿಕ್ರೂ ಅಲ್ಲೇ ಇರೋ ಪುಟದ ಫೋಟೋ ತೆರೆದು ಕಣ್ಣಾರೆ ನೋಡಿ, ಮೇಲಿರೋ ತಾರೀಕೂ ನೋಡಿ.

ಈಗ ಬರೆದಿಟ್ಟ ಕಥೆಗಳಿಗೆ ವಾಪಸ್ ಬನ್ನಿ. ಪ್ರತಿ ಕಥೇನೂ ಮೊದಲು ಯಾರು, ಯಾವಾಗ ಹೇಳಿದ್ರು ಅಂತ ಕೇಳಿ. ಅದೇ ಗ್ಲೀಸನ್ 1938ರಲ್ಲಿ, ಈ ಪದಾನ ಜೊತೆ ಕೆಲಸ ಮಾಡ್ತಿದ್ದವನಿಂದ ಕೇಳಿದ್ದು, ಅವನು ದಾಳದ ಜೂಜಲ್ಲಿ ಕೇಳಿದ್ದ ಅಂತ ನೆನಪಿಂದ ಬರೆದ. ಒಬ್ಬನದೇ ಬರಹ ಆದ್ರೂ ನನ್ನ ಪ್ರಕಾರ 1913ರದ್ದಕ್ಕಿರೋ ತೂಕ 1938ರದ್ದಕ್ಕಿಲ್ಲ, ಇಪ್ಪತ್ತೈದು ವರ್ಷದಲ್ಲಿ ನೆನಪು ಎಷ್ಟೋ ಬದಲಾಗಿರುತ್ತೆ.

ಇನ್ನೂ ಹಿಂದಕ್ಕೆ ಹೋದ್ರೆ ಜಾಝಮ್ ಅನ್ನೋ ಅಮೆರಿಕನ್ ಆಡುಮಾತು ಸಿಗುತ್ತೆ, ಹುರುಪು, ಕಸುವು ಅನ್ನೋ ಅರ್ಥದಲ್ಲಿ 1860ರಲ್ಲೇ ಅಚ್ಚಾಗಿದೆ. ಅರ್ಥ ಗ್ಲೀಸನ್ ಬಳಕೆಗೆ ಚೆನ್ನಾಗಿ ಕೂಡುತ್ತೆ, ಆದ್ರೆ ಇದ್ರಿಂದಾನೇ ಅದು ಹುಟ್ಟಿತು ಅಂತ ತೋರ್ಸೋ ಮಧ್ಯದ ಕೊಂಡಿ ಬೇಕಲ್ಲ, ಅದು ಕೈಗೆ ಸಿಗೋವರೆಗೂ ನಿಮ್ಮ ಟಿಪ್ಪಣೀಲಿ ಇದರ ಮುಂದೆ ‘ಬಹುಶಃ’ ಅಂತಾನೇ ಹಾಕಿ.