ಕೆನ್ನೆಗೆ ತಣ್ಣೀರು ಬಟ್ಟೆ, ರೆಪ್ಪೆಗೆ ರಾಗಿ ಗಂಟು

ಈ ಸಲ ಮೇ ತಿಂಗಳ ದಾವಣಗೆರೆ ಬಿಸಿಲಲ್ಲಿ ಒಂದು ಪಿಎಚ್‌ಡಿ ಪ್ರಬಂಧ ಪೂರ್ತಿ ಟೈಪ್ ಮಾಡಿಕೊಟ್ಟೆ. ಸುಮಾರು 300 ಪುಟ. ಒಣಗುವ ಕಣ್ಣಿಗೆ ಹಾಕೋ ಡ್ರಾಪ್ಸ್ ದಿನಕ್ಕೆ ಎರಡೇ ಸಲ. ಮೂರು ವರ್ಷದ ಹಿಂದೆ ಇದೇ ನಾನು ಹತ್ತು ಪುಟ ಮುಗಿಸುವಷ್ಟರಲ್ಲಿ ಎದ್ದು ಹೋಗಿ ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದೆ. ನನಗೆ ರೋಸೇಷಿಯಾ, ಅಂದರೆ ಮುಖ ಕೆಂಪಾಗಿ ಗುಳ್ಳೆ ಏಳೋ, ಬಿಸಿಗೆ ಕೆರಳೋ, ಕಣ್ಣಿಗೂ ತಗಲೋ ಚರ್ಮದ ಕಾಯಿಲೆ. ಅಂಥ ಮುಖದಲ್ಲಿ ಕಣ್ಣಿಗೆ ಶಾಖ ಕೊಡ್ತೀನಿ ಅಂದಾಗ ಬೇಡ ಅಂದವರೇ ಹೆಚ್ಚು. ಅದಕ್ಕೇ ಇದನ್ನು ಬರೀತಿದ್ದೇನೆ.

ಕಣ್ಣಿನ ತೊಂದರೆ ಶುರುವಾದಾಗ ನನಗೆ 41. ಡಿಟಿಪಿ ಕೆಲಸ, ದಿನಕ್ಕೆ ಒಂಬತ್ತು ಗಂಟೆ ಸ್ಕ್ರೀನ್. ಕಣ್ಣಲ್ಲಿ ಮರಳು ಬಿದ್ದ ಹಾಗೆ, ಜೊತೆಗೆ ಒಂದೇ ಸಮ ನೀರು. "ನೀರು ಸುರೀತಿದೆ, ಒಣಗಿದೆ ಅಂತೀಯಲ್ಲೇ" ಅಂತ ನಮ್ಮ ಅತ್ತೆ ಕೇಳಿದ್ದು ಇನ್ನೂ ನೆನಪಿದೆ. ಕೆನ್ನೆ ಮೂಗಿನ ಮೇಲೆ ಗುಳ್ಳೆ ಇದ್ದವು. ನಮ್ಮ ಬಣ್ಣದಲ್ಲಿ ಕೆಂಪು ಎದ್ದು ಕಾಣಲ್ಲ, ಅದಕ್ಕೆ ಎಲ್ಲರೂ ಪಿಂಪಲ್ ಅಂದರು, ಬಿಸಿಲಿಗೆ ಹೀಗಾಗಿದೆ ಅಂದರು. ಮೆಡಿಕಲ್ ಶಾಪಲ್ಲಿ ಒಂದು ಕ್ರೀಮ್ ಕೊಟ್ಟರು. ವಾರದಲ್ಲಿ ಮುಖ ನುಣ್ಣಗಾಯ್ತು, ಬಿಟ್ಟ ಹದಿನೈದು ದಿನಕ್ಕೆ ಎರಡರಷ್ಟು ಬಂತು. ಅದರಲ್ಲಿ ಸ್ಟೀರಾಯ್ಡ್ ಇತ್ತು ಅಂತ ಆಮೇಲೆ ಗೊತ್ತಾಯ್ತು. ನಿಮ್ಮ ಹತ್ತಿರ ಅಂಥದ್ದು ಇದ್ದರೆ ಇವತ್ತೇ ಚರ್ಮದ ಡಾಕ್ಟರಿಗೆ ತೋರಿಸಿ.

ದುಡ್ಡಿನ ಲೆಕ್ಕ ಹೇಳಿಬಿಡ್ತೀನಿ. ನಾಲ್ಕು ವರ್ಷದಲ್ಲಿ 65-70 ಸಾವಿರ ಹೋಗಿದೆ. ಬಾಟಲಿಗೆ 180ರಿಂದ 600 ರೂಪಾಯಿವರೆಗಿನ ಡ್ರಾಪ್ಸ್ ಎಲ್ಲ ಕಣ್ಣಿಗೆ ಹಾಕಿಕೊಂಡೆ. ದಿನಕ್ಕೆ ಹತ್ತು ಸಲ ಹಾಕ್ತಿದ್ದೆ, ಉರಿ ಜಾಸ್ತಿಯಾಗ್ತಿತ್ತು, ಅದಕ್ಕೆ ಮತ್ತೆ ಹಾಕ್ತಿದ್ದೆ. ಡ್ರಾಪ್ಸ್ ಕೆಡದಿರಲಿ ಅಂತ ಬಾಟಲಿಯಲ್ಲಿ ಸೇರಿಸಿದ್ದ ಪ್ರಿಸರ್ವೇಟಿವ್, ಬೆಂಜಾಲ್ಕೋನಿಯಂ ಕ್ಲೋರೈಡೇ ಉರಿಸ್ತಿತ್ತು. ಪ್ರಿಸರ್ವೇಟಿವ್ ಇಲ್ಲದ, ಒಡೆದು ಹಾಕಿಕೊಂಡು ಬಿಸಾಡೋ ಚಿಕ್ಕ ಟ್ಯೂಬಿಗೆ ಬದಲಾದ ಮೇಲೆ ಅರ್ಧ ಉರಿ ಇಳೀತು. ಕಣ್ಣಿನ ಉರಿಯೂತ ಇಳಿಸೋ ಸೈಕ್ಲೋಸ್ಪೊರಿನ್ ಡ್ರಾಪ್ಸ್ ಐದು ತಿಂಗಳು ಹಾಕಿದೆ, ನನಗೆ ಅಷ್ಟೇನೂ ಗೊತ್ತಾಗಲಿಲ್ಲ, ಪರಿಚಯದ ಒಬ್ಬರಿಗೆ ಅದೇ ಆಗಿಬಂತು. ಡಾಕ್ಟರು ಬರೆದುಕೊಟ್ಟ ಆ್ಯಂಟಿಬಯಾಟಿಕ್ ಮಾತ್ರೆ, ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ಕೆಲಸ ಮಾಡ್ತು. ಆದರೆ ಒಂದು ಗುಟುಕು ನೀರಲ್ಲಿ ನುಂಗಿ ಹಾಗೇ ಮಲಗಿದ ರಾತ್ರಿ ಎದೆ ಉರಿದ ಉರಿ, ಬೆಳಗಿನವರೆಗೂ ಎದ್ದು ಕೂತಿದ್ದೆ. ಲೋಟ ತುಂಬ ನೀರು ಕುಡೀಬೇಕು, ಅರ್ಧ ಗಂಟೆಯಾದರೂ ಮಲಗಬಾರದು. ಐಪಿಎಲ್ ಅನ್ನೋ ಬೆಳಕಿನ ಚಿಕಿತ್ಸೆಗೆ (ಚರ್ಮದ ಮೇಲೆ ಜೋರು ಬೆಳಕು ಹಾಯಿಸ್ತಾರೆ) ಒಂದು ಕಡೆ ನಾಲ್ಕು ಸಿಟ್ಟಿಂಗ್‌ಗೆ 36 ಸಾವಿರ ಹೇಳಿದರು. ಇನ್ನೊಬ್ಬ ಡಾಕ್ಟರು ನಿಮ್ಮ ಬಣ್ಣಕ್ಕೆ ಸುಟ್ಟ ಕಲೆ ಬೀಳಬಹುದು ಅಂದರು. ಬಿಟ್ಟೆ.

ದಾರಿ ತೋರಿಸಿದ್ದು ಒಬ್ಬ ಚಿಕ್ಕ ವಯಸ್ಸಿನ ಕಣ್ಣಿನ ಡಾಕ್ಟರು. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ನೋಡಿದರೆ ಐದು ನಿಮಿಷಕ್ಕೆ 14 ಮಿಲಿಮೀಟರ್ ಒದ್ದೆ. ಅಂದರೆ ನೀರಿಗೆ ಬರ ಇಲ್ಲ. ಹಳದಿ ಬಣ್ಣ ಹಾಕಿ ನೋಡಿದರೆ ಮೂರೇ ಸೆಕೆಂಡಿಗೆ ನೀರಿನ ಪೊರೆ ಒಡೀತಿದೆ, ಅದು ಹತ್ತಾದರೂ ನಿಲ್ಲಬೇಕು. ಆಮೇಲೆ ಕೆಳರೆಪ್ಪೆ ಮೆಲ್ಲಗೆ ಒತ್ತಿ ಸ್ಕ್ರೀನಲ್ಲಿ ತೋರಿಸಿದರು. ಟೂತ್‌ಪೇಸ್ಟ್ ಟ್ಯೂಬ್ ಒತ್ತಿದ ಹಾಗೆ ಬಿಳೀ ಎಳೆಗಳು ಹೊರಗೆ ಬಂದವು. ತಿಳಿ ಎಣ್ಣೆ ಬರಬೇಕಾದ ಗ್ರಂಥಿಗಳು ಅವು. ಆ ಎಣ್ಣೆ ಗಟ್ಟಿಯಾಗಿ ಕಟ್ಟಿಕೊಂಡರೆ ಕಣ್ಣೀರು ಬೇಗ ಆರುತ್ತೆ, ಕಣ್ಣು ಉರಿದು ಮತ್ತೆ ನೀರು ಸುರಿಸುತ್ತೆ. ಅದನ್ನು ಕರಗಿಸೋಕೆ ರೆಪ್ಪೆಗೆ ಶಾಖ ಕೊಡಿ ಅಂದರು. ಚರ್ಮದ ಡಾಕ್ಟರು ಅದೇ ತಿಂಗಳು ಮುಖಕ್ಕೆ ಬಿಸಿ ಸೋಕಿಸಲೇಬೇಡಿ ಅಂದಿದ್ದರು. ಇಬ್ಬರೂ ಹೇಳಿದ್ದು ಸರಿಯೇ, ನನಗಿದ್ದದ್ದು ಮಾತ್ರ ಒಂದೇ ಮುಖ.

ಬಿಸಿನೀರಿನ ಬಟ್ಟೆಯಿಂದ ಶುರು ಮಾಡಿದೆ. ಎರಡು ನಿಮಿಷಕ್ಕೆ ತಣ್ಣಗಾಗುತ್ತೆ, ನೀರು ಇಳಿದು ಕೆನ್ನೆಯೆಲ್ಲ ಧಗಧಗ. ಅಕ್ಕಿ ಚೀಲ ಮಾಡಿದೆ, ಭಾರ ಜಾಸ್ತಿಯಾಗಿ ಗುಡ್ಡೆ ಒತ್ತಿ ಅರ್ಧ ಗಂಟೆ ಅಕ್ಷರವೇ ಮಸುಕು. ಅಗಸೆ ಹಾಕಿದರೆ ಪಸೆ ತಾಗಿದ ಕೂಡಲೇ ಲೋಳೆ. ಕೊನೆಗೆ ರಾಗಿ. ಸಣ್ಣ ಕಾಳು, ಕಣ್ಣಿನ ಗುಳಿಯಲ್ಲಿ ತಾನೇ ಕೂರುತ್ತೆ, ಭಾರ ಬೀಳಲ್ಲ. ಮೊದಲು ಇಡ್ಲಿ ಪಾತ್ರೆಯ ಹಬೆಯಲ್ಲಿಟ್ಟೆ, ನಾಲ್ಕನೇ ದಿನಕ್ಕೆ ಹುಳಿ ವಾಸನೆ, ಚೀಲದ ಮೂಲೆಯಲ್ಲಿ ಬೂಸ್ಟು. ಕಾದ ತವಾ ಮೇಲೆ ನೇರ ಇಟ್ಟಾಗ ಬಟ್ಟೆ ಸೀದುಹೋಯ್ತು, ನೋಡದೆ ಕಣ್ಣಿಗಿಟ್ಟುಕೊಂಡು ಎರಡು ದಿನ ರೆಪ್ಪೆ ಊದಿತ್ತು.

ಈಗ ದಪ್ಪ ತಳದ ಬಾಣಲೆ, ಸಣ್ಣ ಉರಿ, ಮುಚ್ಚಳ, ತಿರುಗಿಸುತ್ತಾ ಮೂರು ನಿಮಿಷ. ಮಗಳ ಲ್ಯಾಬ್ ಥರ್ಮಾಮೀಟರ್ ಗಂಟಿಗೆ ತಾಗಿಸಿ ನೋಡ್ತೀನಿ, 42-43 ಡಿಗ್ರಿ ಸೆಲ್ಸಿಯಸ್ ಬಂದರೆ ಸಾಕು. ಅದಿಲ್ಲದವರು ಮೊಣಕೈ ಒಳಗೆ ಇಟ್ಟು ನೋಡಿ, ಅಲ್ಲಿ ತಡೆಯೋಕಾಗದ ಬಿಸಿ ರೆಪ್ಪೆಗೂ ಬೇಡ. ಕಣ್ಣಿನ ಮೇಲೆ ತೆಳು ಒದ್ದೆ ಮಲ್ಮಲ್, ಅದರ ಮೇಲೆ ಗಂಟು, ಎಂಟು-ಹತ್ತು ನಿಮಿಷ. ಇನ್ನು ಮುಖ್ಯವಾದದ್ದು: ಗಂಟು ಇಡುವ ಮೊದಲೇ ಕೆನ್ನೆ, ಮೂಗು, ಹಣೆಗೆ ಮಡಕೆ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ. ಐಸ್ ಬೇಡ, ಐಸ್ ತೆಗೆದ ಮೇಲೆ ನನಗೆ ಮುಖ ಮತ್ತೆ ಕಾಯುತ್ತೆ. ಇದೊಂದು ಹೊಳೆಯೋಕೆ ನನಗೆ ಎಂಟು ತಿಂಗಳು ಬೇಕಾಯ್ತು. ಚರ್ಮದ ಡಾಕ್ಟರಿಗೆ ಹೇಳಿದಾಗ ಮೊದಲು ಬೇಡ ಅನ್ನೋ ಹಾಗೆ ತಲೆಯಾಡಿಸಿದರು, ಎರಡು ತಿಂಗಳ ಮೇಲೆ ಮುಖ ನೋಡಿ, ಮುಂದುವರಿಸಿ ಅಂದರು.

ಆಮೇಲೆ ಒತ್ತಬೇಕು, ಮೇಲಿನ ರೆಪ್ಪೆ ಕೆಳಕ್ಕೆ, ಕೆಳಗಿನದು ಮೇಲಕ್ಕೆ. ಎಷ್ಟು ಬಲ ಅನ್ನೋದನ್ನು ಬರೆದು ಹೇಳಲ್ಲ, ಡಾಕ್ಟರ ಮುಂದೆ ನಿಮ್ಮ ಬೆರಳಿಟ್ಟೇ ಕಲೀರಿ. ಗಂಟಿನ ಒಳಹೊಲಿಗೆಯಲ್ಲೂ ಒಂದು ಉಪಾಯ ಇದೆ, ಅದು ಸದ್ಯಕ್ಕೆ ನಮ್ಮ ಮನೆಯಲ್ಲೇ ಇರಲಿ. ಅಕ್ಕ ನಾನು ಸೇರಿ ಇಲ್ಲಿಯವರೆಗೆ 40 ಗಂಟು ಹೊಲಿದು ಕೊಟ್ಟಿದ್ದೀವಿ. ತಿಂಗಳಿಗೊಮ್ಮೆ ರಾಗಿ ಬದಲಿಸ್ತೀನಿ.

ಬೇರೆ ಪ್ರಯೋಗಗಳೂ ಆದವು. ರೋಸ್ ವಾಟರ್ ಕಣ್ಣಿಗೆ ಹಾಕಿ ಉರಿದುಕೊಂಡೆ. ನಂದಿಬಟ್ಟಲು ಹೂವನ್ನು ಮುಚ್ಚಿದ ಕಣ್ಣ ಮೇಲಿಟ್ಟರೆ ತಂಪು, ಅಷ್ಟೇ, ರಸ ಮಾತ್ರ ಕಣ್ಣಿಗೆ ಬಿಡಬೇಡಿ. ಟೀ ಟ್ರೀ ಎಣ್ಣೆ ತೆಳು ಮಾಡದೆ ಹಾಗೇ ರೆಪ್ಪೆಗೆ ಹಚ್ಚಿ ಅರ್ಧ ಗಂಟೆ ನಲ್ಲಿ ಕೆಳಗೆ ಕಣ್ಣು ತೊಳೆದೆ, ಆ ತಪ್ಪು ಯಾರೂ ಮಾಡಬೇಡಿ. ಮೀನೆಣ್ಣೆ ಕ್ಯಾಪ್ಸೂಲ್ ವರ್ಷ ನುಂಗಿದೆ. 2018ರಲ್ಲಿ ಅಮೆರಿಕದಲ್ಲಿ ಡ್ರೀಮ್ ಅನ್ನೋ ದೊಡ್ಡ ಅಧ್ಯಯನ ಬಂತು, ಅದರಲ್ಲಿ ಮೀನೆಣ್ಣೆ ಆಲಿವ್ ಎಣ್ಣೆಗಿಂತ ಹೆಚ್ಚೇನೂ ಮಾಡಲಿಲ್ಲ. ಓದಿದ ದಿನ ತಿಂಗಳಿಗೆ 700 ರೂಪಾಯಿ ಉಳೀತು. ಅಗಸೆ ಚಟ್ನಿಪುಡಿ ಬಿಟ್ಟಿಲ್ಲ, ರೊಟ್ಟಿಗೆ ಅದಿಲ್ಲದೆ ಆಗಲ್ಲ. ಖಾರಕ್ಕೂ ಬಿಸಿಗೂ ಮುಖ ಕೆರಳುತ್ತೆ ಅಂತ ಮೆಣಸಿನಕಾಯಿ ಮಂಡಕ್ಕಿ ಬಿಟ್ಟಿದ್ದೇ ಕಷ್ಟ ಆಯ್ತು, ಈ ಊರಲ್ಲಿ ಹುಟ್ಟಿದವರಿಗೆ ಗೊತ್ತು ಅಲ್ವಾ. ಬಿಸಿ ಚಹಾ ಈಗ ಆರಿಸಿ ಕುಡೀತೀನಿ.

ಅಂಗಡಿಯಲ್ಲಿ ಕೂಲರ್ ದಿಕ್ಕು ಗೋಡೆಗೆ ತಿರುಗಿಸಿದೆ. ಮಾನಿಟರ್ ಒಂದು ಗೇಣು ಕೆಳಗಿಳಿಸಿದೆ, ಕಣ್ಣು ಅಷ್ಟು ಅಗಲ ತೆರೆಯಬೇಕಾಗಲ್ಲ. ಪ್ರತಿ ಪ್ಯಾರಾ ಮುಗಿದಾಗ ಸೇವ್ ಒತ್ತಿ ಎರಡು ಸಲ ಪೂರ್ತಿ ಕಣ್ಣು ಮುಚ್ತೀನಿ. ನನ್ನ ಫೋನಲ್ಲಿ ವಿಡಿಯೋ ಹಿಡಿದು ಎಣಿಸಿದ್ದೆ, ಟೈಪ್ ಮಾಡುವಾಗ ನಿಮಿಷಕ್ಕೆ ಐದೋ ಆರೋ ಸಲ ಮಿಟುಕಿಸುತ್ತಿದ್ದೆ, ಅದೂ ಅರ್ಧರ್ಧ. ಬೆಳಕು ನೋಡೋಕಾಗದ ನೋವು, ಮಸುಕು ಬಂದರೆ ಮಾತ್ರ ಗಂಟು ಪಕ್ಕಕ್ಕಿಟ್ಟು ಅವತ್ತೇ ಕಣ್ಣಾಸ್ಪತ್ರೆಗೆ ಓಡಿ, ರೋಸೇಷಿಯಾ ಕಾರ್ನಿಯಾವರೆಗೂ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದವರೆಗೂ ಹೋಗಬಹುದು.

ಈಗ ತಿಂಗಳ ಖರ್ಚು 500 ಒಳಗೆ. ಹೋದ ತಿಂಗಳ ಚೆಕಪ್‌ನಲ್ಲಿ ನೀರಿನ ಪೊರೆ ಬಲಗಣ್ಣಲ್ಲಿ 8 ಸೆಕೆಂಡ್, ಎಡಗಣ್ಣಲ್ಲಿ 9 ಸೆಕೆಂಡ್ ನಿಂತಿತು. ಅದೇ ಡಾಕ್ಟರು ರೆಪ್ಪೆ ಒತ್ತಿದರು. ಕಡಲೆಕಾಯಿ ಎಣ್ಣೆಯಂಥ ತಿಳಿ ಹನಿ ಬಂತು. ಎಡಗಣ್ಣಿನ ಹೊರತುದಿಯ ನಾಲ್ಕೈದು ಗ್ರಂಥಿ ಮಾತ್ರ ಹೋಗಿಬಿಟ್ಟಿವೆ, ಫೋಟೋದಲ್ಲಿ ಆ ಜಾಗ ಖಾಲಿ, ಅವು ವಾಪಸ್ ಬರಲ್ಲ ಅಂದರು. ಉಳಿದವಕ್ಕೆ ದಿನಾ ರಾತ್ರಿ 9ಕ್ಕೆ ಬಾಣಲೆ ಇಡ್ತೀನಿ.