50 ಬಿಟ್ಟು 54ಕ್ಕೆ ಹೋದ ಕಥೆ

ಬೆಳಿಗ್ಗೆ ಆರೂವರೆಗೆ ತೂಕದ ಯಂತ್ರ 50.2 ತೋರಿಸಿತು. ನಾನು ಬಾಕ್ಸರ್, ಆಗ ಆಡುತ್ತಿದ್ದದ್ದು 50 ಕೆ.ಜಿ. ವಿಭಾಗದಲ್ಲಿ. ಅದಕ್ಕಿಂತ ಇನ್ನೂರು ಗ್ರಾಂ ಜಾಸ್ತಿ. ಹಿಂದಿನ ದಿನ ಮಧ್ಯಾಹ್ನದಿಂದ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ. ಮತ್ತೆ ಪ್ಲಾಸ್ಟಿಕ್ ಸೂಟು ತೊಟ್ಟು, ಮೇಲೊಂದು ಸ್ವೆಟರ್ ಏರಿಸಿಕೊಂಡು ಹಾಸ್ಟೆಲ್ ಕಾರಿಡಾರಿನಲ್ಲಿ ಸ್ಕಿಪ್ಪಿಂಗ್ ಮಾಡಿದೆ. ಬೆವರೇ ಬರಲಿಲ್ಲ. ಚೂಯಿಂಗ್ ಗಮ್ ಅಗಿಯುತ್ತಾ ಖಾಲಿ ಬಾಟಲಿಗೆ ಉಗುಳುತ್ತಾ ಕೂತೆ. ಅರ್ಧ ಗಂಟೆ ಕಳೆದರೂ ಬಾಟಲಿಯ ತಳದಲ್ಲಿ ಎರಡು ಬೆರಳಷ್ಟೇ ಎಂಜಲು. ಕೊನೆಗೆ ಸರಿಯಾಗಿ 50.0ಕ್ಕೆ ಬಂತು. ಖುಷಿಪಡುವುದಕ್ಕೂ ಶಕ್ತಿ ಇರಲಿಲ್ಲ.

ಅವತ್ತೇ ಮಧ್ಯಾಹ್ನ ಬೌಟ್, ಅಂದರೆ ಪಂದ್ಯ. ಮೊದಲ ರೌಂಡ್ ನನ್ನದೇ. ಎರಡನೆಯದರ ಅರ್ಧಕ್ಕೇ ಕಾಲು ಹೂತುಹೋದ ಹಾಗಾಯಿತು. ಎದುರಿನವಳ ಬಲಗೈ ಬರುವುದು ಕಣ್ಣಿಗೆ ಕಾಣುತ್ತಿತ್ತು, ತಲೆ ಮಾತ್ರ ಪಕ್ಕಕ್ಕೆ ಸರಿಯುತ್ತಿರಲಿಲ್ಲ. ಮೂರನೇ ರೌಂಡಿನಲ್ಲಿ ಏನಾಯಿತೆಂದು ಇವತ್ತಿಗೂ ಸರಿಯಾಗಿ ನೆನಪಿಲ್ಲ. ಸೋತೆ.

ನನ್ನ ಮಾಮೂಲಿ ತೂಕ 55 ಕೆ.ಜಿ. ಆಸುಪಾಸು. ಪ್ರತಿ ಟೂರ್ನಿಗೂ ಐದು ಕಿಲೋ ಇಳಿಸುತ್ತಿದ್ದೆ. ಯೂಟ್ಯೂಬಿನಲ್ಲಿ ಪ್ರೊಫೆಷನಲ್ ಬಾಕ್ಸರ್‌ಗಳು ಇದಕ್ಕಿಂತ ಜಾಸ್ತಿ ಇಳಿಸುವುದನ್ನು ನೋಡಿ ಧೈರ್ಯ ತಂದುಕೊಂಡಿದ್ದೆ. ಆದರೆ ಅವರ ತೂಕ ನೋಡುವುದು ಹಿಂದಿನ ದಿನ. ತಿಂದು ಕುಡಿದು ಸುಧಾರಿಸಿಕೊಳ್ಳಲು ಒಂದು ರಾತ್ರಿ ಸಿಗುತ್ತದೆ. ನಮಗೆ ಬೆಳಿಗ್ಗೆ ತೂಕ, ಕೆಲವೇ ಗಂಟೆಗಳಲ್ಲಿ ರಿಂಗು. ಗೆದ್ದರೆ ಮುಂದಿನ ಬೌಟಿನ ದಿನ ಮತ್ತೆ ಯಂತ್ರ ಹತ್ತಬೇಕು. ಫೈನಲ್‌ವರೆಗೆ ಹೋಗುವವಳು ವಾರವಿಡೀ ಬಾಯಾರಿಕೊಂಡೇ ಇರಬೇಕು. ಮೈಯಲ್ಲಿ ನೀರಿಲ್ಲದಾಗ ತಲೆಗೆ ಬೀಳುವ ಏಟು ಇನ್ನೂ ಅಪಾಯ ಅಂತ ಡಾಕ್ಟರು ಎಚ್ಚರಿಸುವುದನ್ನು ನಾವ್ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬ ಯೋಚಿಸಿದೆ. ಹುಡುಗಿಯರು ಓದಲಿ ಅಂತ ಬರೆಯುತ್ತಿದ್ದೇನೆ. ನಾಲ್ಕು ತಿಂಗಳಿಂದ ನನಗೆ ಮುಟ್ಟು ನಿಂತಿತ್ತು. ಟೂರ್ನಿ ಸಮಯಕ್ಕೆ ತೊಂದರೆ ತಪ್ಪಿತು ಅಂತ ಒಳಗೊಳಗೇ ಸಮಾಧಾನಪಟ್ಟುಕೊಂಡಿದ್ದೆ. ಅಮ್ಮ ಲೆಕ್ಕ ಇಟ್ಟಿದ್ದಳು. "ಏನೇ, ಈ ತಿಂಗಳೂ ಇಲ್ವಾ?" ಅಂದವಳು ಮಾರನೇ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ತಿನ್ನುವುದಕ್ಕಿಂತ ದುಡಿಯುವುದು ಹೆಚ್ಚಾದಾಗ ದೇಹ ಮೊದಲು ನಿಲ್ಲಿಸುವುದು ಇದನ್ನೇ, ಹೀಗೇ ಬಿಟ್ಟರೆ ಮೂಳೆ ಸವೆಯುತ್ತದೆ ಅಂತ ಅವರು ಹೇಳಿದರು.

ಅದಾಗಿ ಸ್ವಲ್ಪ ದಿನಕ್ಕೆ, 2024ರ ಆಗಸ್ಟಿನಲ್ಲಿ, ಪ್ಯಾರಿಸ್‌ನಿಂದ ವಿನೇಶ್ ಫೋಗಟ್ ಸುದ್ದಿ ಬಂತು. 53ರಲ್ಲಿ ಆಡುತ್ತಿದ್ದವರು 50ಕ್ಕೆ ಇಳಿದು ಫೈನಲ್ ತಲುಪಿದ್ದರು. ನೂರು ಗ್ರಾಂ ಹೆಚ್ಚಾಗಿ ಅನರ್ಹರಾದರು. ಅದು ಕುಸ್ತಿ, ನಮ್ಮದು ಬಾಕ್ಸಿಂಗ್, ಆದರೆ ಆ ರಾತ್ರಿ ಹೇಗಿರುತ್ತದೆ ಅಂತ ನನಗೆ ಗೊತ್ತು. ಅಮ್ಮ ಟಿವಿ ಆರಿಸಿ ಏನೂ ಮಾತಾಡದೆ ಒಳಗೆ ಹೋದಳು. ನಾನು ಮಾರನೇ ದಿನ ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಹೋಗಿ ಕೋಚ್ ಸರ್‌ಗೆ ಹೇಳಿದೆ: "ಸರ್, ಇನ್ನು 50 ಆಗಲ್ಲ."

52ಕ್ಕೋ 54ಕ್ಕೋ ಅನ್ನುವುದೇ ಪ್ರಶ್ನೆ. 52 ಅಂದರೆ ಇನ್ನೂ ಮೂರು ಕಿಲೋ ಇಳಿಸುವ ಗೋಳು ಉಳಿಯುತ್ತದೆ. 54ಕ್ಕೆ ಒಂದೇ ಕಿಲೋ, ಅದು ಉಪ್ಪು, ಅನ್ನ ಹಿಡಿತದಲ್ಲಿಟ್ಟರೆ ತಾನಾಗೇ ಇಳಿಯುತ್ತದೆ. ಆದರೆ ಅಲ್ಲಿನ ಹುಡುಗಿಯರು ನನಗಿಂತ ಉದ್ದ, ಗಟ್ಟಿ. ಸರ್ ತಕ್ಷಣ ಹೂಂ ಅನ್ನಲಿಲ್ಲ. "ಮೊದಲು ಆರು ವಾರ ಅವರ ಜೊತೆ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡು, ಆಮೇಲೆ ಮಾತಾಡೋಣ" ಅಂದರು. ಏಟಿನ ಪೆಟ್ಟು ತಡೆಯಬಹುದಾ ಅಂತ ನೋಡುತ್ತಾರೆ ಅಂದುಕೊಂಡಿದ್ದೆ. ಅವರು ನೋಡಿದ್ದು ಬೇರೆ ಎರಡು ವಿಷಯ: ಕ್ಲಿಂಚ್‌ನಲ್ಲಿ (ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿ ಹಿಡಿದಾಗ) ಯಾರು ಯಾರನ್ನು ಹಿಂದಕ್ಕೆ ತಳ್ಳುತ್ತಾರೆ, ನನ್ನ ಜ್ಯಾಬ್ (ಮುಂದಿನ ಕೈಯ ನೇರ ಏಟು) ಬಿದ್ದಾಗ ಎದುರಿನವಳ ಹೆಜ್ಜೆ ನಿಲ್ಲುತ್ತದಾ. ಜ್ಯಾಬ್ ಕೆಲಸ ಮಾಡಿತು. ಕ್ಲಿಂಚ್‌ನಲ್ಲಿ ಮಾತ್ರ ಪ್ರತಿ ಸಲ ಹಗ್ಗಕ್ಕೆ ಒರಗುತ್ತಿದ್ದೆ.

54 ಅಂತಲೇ ಆಯಿತು. ನನಗೆ ಬೇಕಿದ್ದದ್ದು ತೂಕವಲ್ಲ, ಬಲ. ಹಾಗಾಗಿ ತೂಕ ಏರಿಸುವ ಗೋಜಿಗೇ ನಾವು ಹೋಗಲಿಲ್ಲ. 55 ಇದ್ದದ್ದು 55ರಲ್ಲೇ ಉಳಿಯಿತು, ಐದು ಕಿಲೋ ಇಳಿಸುವುದನ್ನಷ್ಟೇ ಬಿಟ್ಟೆವು. ಬದಲಾದದ್ದು ಆ 55 ಕಿಲೋದ ಒಳಗೆ. ಅಮಾನಿಕೆರೆ ಸುತ್ತ ಓಡುವುದನ್ನು ಅರ್ಧಕ್ಕೆ ಇಳಿಸಿ ಸ್ಕ್ವಾಟ್, ಡೆಡ್‌ಲಿಫ್ಟ್, ಕುತ್ತಿಗೆಯ ವ್ಯಾಯಾಮ ಸೇರಿಸಿದರು. ವಾರಕ್ಕೆರಡು ದಿನ ಗ್ಲೌಸ್ ಇಲ್ಲದೆ ಬರೀ ತೋಳು ಹೆಣೆದು ತಳ್ಳಾಟ. ಮನೆಯಲ್ಲಿ ಬಿಟ್ಟಿದ್ದ ರಾಗಿ ಮುದ್ದೆ ತಟ್ಟೆಗೆ ವಾಪಸ್ ಬಂತು. ಜೊತೆಗೆ ಹುರುಳಿಕಾಳು ಸಾರು, ಮೊಟ್ಟೆ, ಮಜ್ಜಿಗೆ. ಭಾನುವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಎರಡು ವರ್ಷದಲ್ಲಿ ಮೊದಲ ಸಲ ಬೆಣ್ಣೆ ಪಕ್ಕಕ್ಕೆ ಸರಿಸದೆ ತಿಂದೆ. ಮೂರನೇ ತಿಂಗಳಿಗೆ ಮುಟ್ಟು ಬಂತು. ಅಮ್ಮ ಅವತ್ತು ಪಾಯಸ ಮಾಡಿದಳು.

ಆಟವನ್ನೂ ಬದಲಿಸಬೇಕಾಯಿತು. 50ರಲ್ಲಿ ನಾನೇ ಉದ್ದದವಳು, ದೂರದಿಂದಲೇ ಜ್ಯಾಬ್ ಹಾಕಿ ಪಾಯಿಂಟ್ ಕದಿಯುತ್ತಿದ್ದೆ. 54ರಲ್ಲಿ ಅಷ್ಟು ದೂರದಿಂದ ಅದು ಎಟುಕುವುದಿಲ್ಲ. ಪಕ್ಕದಿಂದ ಒಳನುಗ್ಗಿ ಹೊಟ್ಟೆಗೆ ಎರಡು ಹೊಡೆದು ಹೊರಬರುವುದನ್ನು ಮೊದಲಿನಿಂದ ಕಲಿತೆ.

ಮೇಲಕ್ಕೆ ಹೋದರೆ ಎಲ್ಲರಿಗೂ ಒಳ್ಳೆಯದು ಅಂತ ನಾನು ಹೇಳಲಾರೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಇದ್ದದ್ದು 51, 60, 75 ಈ ಮೂರೇ ವಿಭಾಗ. ಮೇರಿ ಕೋಮ್ ಬೇರೆ ದಾರಿಯಿಲ್ಲದೆ 51ಕ್ಕೆ ಹೋಗಿ ಕಂಚು ತಂದರು, ಆದರೆ 2018ರಲ್ಲಿ ಆರನೇ ವಿಶ್ವ ಚಾಂಪಿಯನ್ ಪಟ್ಟ ಗೆದ್ದದ್ದು ತಮ್ಮ 48ಕ್ಕೆ ಮರಳಿದ ಮೇಲೆ. ಟೋಕಿಯೊದಲ್ಲಿ 69ರಲ್ಲಿ ಕಂಚು ಗೆದ್ದ ನಮ್ಮ ಲವ್ಲೀನಾ ಬೋರ್ಗೊಹೈನ್ 75ಕ್ಕೆ ಹೋಗಿ 2023ರಲ್ಲಿ ವಿಶ್ವ ಚಾಂಪಿಯನ್ ಆದರು. ಆ ಎತ್ತರಕ್ಕೆ ಆ ತೂಕ ಒಗ್ಗಿತು. ಇನ್ನು ಬ್ರಿಟನ್ನಿನ ಪ್ರೊಫೆಷನಲ್ ಬಾಕ್ಸರ್ ಕೆಲ್ ಬ್ರೂಕ್ 2016ರಲ್ಲಿ ವೆಲ್ಟರ್‌ವೆಯ್ಟ್‌ನಿಂದ (ಸುಮಾರು 67 ಕೆ.ಜಿ.) ಒಂದೇ ನೆಗೆತಕ್ಕೆ ಮಿಡಲ್‌ವೆಯ್ಟ್‌ಗೆ (ಸುಮಾರು 73 ಕೆ.ಜಿ.) ಹೋಗಿ ಅಲ್ಲಿನ ಚಾಂಪಿಯನ್ ಗೊಲೊವ್ಕಿನ್ ಎದುರು ಕಣ್ಣಿನ ಗೂಡಿನ ಮೂಳೆ ಮುರಿದುಕೊಂಡರು. ಐದನೇ ರೌಂಡಿನಲ್ಲಿ ಅವರ ಕಡೆಯವರೇ ಸೋಲೊಪ್ಪಿ ಟವೆಲ್ ಎಸೆದರು.

54ರ ನನ್ನ ಮೊದಲ ಬೌಟ್ ಸೋತೆ, 3-2ರಲ್ಲಿ: ಐವರು ಜಡ್ಜ್‌ಗಳಲ್ಲಿ ಮೂವರು ಅವಳ ಕಡೆ, ಇಬ್ಬರು ನನ್ನ ಕಡೆ. ಆದರೆ ಬೆಳಿಗ್ಗೆ ಯಂತ್ರ 53.7 ತೋರಿಸಿತ್ತು, ಇಳಿದವಳೇ ನೀರು ಕುಡಿದು ಬಾಳೆಹಣ್ಣು ತಿಂದಿದ್ದೆ. ಮೂರನೇ ರೌಂಡ್ ಪೂರ್ತಿ ನೆನಪಿದೆ. ಕೆಳಗಿಳಿದು ಬಂದಾಗ ಸರ್ ಟವೆಲ್ ಕೊಡುತ್ತಾ, "ಮೂರನೇ ರೌಂಡಲ್ಲಿ ನಿನ್ನ ಆಟ ಇವತ್ತೇ ಮೊದಲು ನೋಡಿದ್ದು ಕಣಮ್ಮ" ಅಂದರು. ಮುಂದಿನ ಎರಡು ಬೌಟ್ ಗೆದ್ದೆ.

ಈಗ ಕ್ರೀಡಾಂಗಣದಲ್ಲಿ ಚಿಕ್ಕವಳೊಬ್ಬಳು ದಿನಾ ಹಿಂದೆ ಬಿದ್ದಿದ್ದಾಳೆ: "ಅಕ್ಕಾ, ನಾನೂ 54ಕ್ಕೆ ಬರ್ತೀನಿ, 50ರಲ್ಲಿ ತುಂಬ ಜನ ಇದ್ದಾರೆ." ಒಂದು ನೋಟ್‌ಬುಕ್ ಕೊಟ್ಟು, ಎರಡು ತಿಂಗಳು ಹೊಟ್ಟೆ ತುಂಬ ತಿಂದು, ಬೆಳಿಗ್ಗೆ ಎದ್ದ ತಕ್ಷಣದ ತೂಕ ಬರೆದಿಡು ಅಂದಿದ್ದೆ. ನಿನ್ನೆ ತಂದು ತೋರಿಸಿದಳು. 51.3, 51.6, 51.4, ಪುಟದ ಕೊನೆಯವರೆಗೂ ಅದೇ. 52ಕ್ಕೆ ಹೆಸರು ಕೊಡು ಅಂತ ಹೇಳಿ ಕಳಿಸಿದೆ.