ಟಿಪ್ಪಣಿ ಬರೆಯುವವಳ ಕುರ್ಚಿ: ವಿದೇಶಾಂಗ ಸೇವೆಯಲ್ಲಿ ನನ್ನ ಅನುಭವ

ನಿವೃತ್ತಳಾಗಿ ತೀರ್ಥಹಳ್ಳಿಗೆ ಮರಳಿದ ಮೇಲೆ, ನನ್ನನ್ನು ಕಾಣಲು ಬರುವ ಕಾಲೇಜು ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರು ವಿದೇಶಾಂಗ ಸೇವೆಯೆಂದರೆ ಔತಣಕೂಟ ಮತ್ತು ಭಾಷಣ ಎಂದು ಭಾವಿಸಿರುತ್ತಾರೆ. ನನ್ನ ವೃತ್ತಿಯ ಬಹುಪಾಲು ಕಳೆದದ್ದು ಇತರರು ಆಡಿದ ಮಾತನ್ನು ದೆಹಲಿಗೆ ಯಥಾವತ್ತಾಗಿ ಬರೆದು ತಿಳಿಸುವುದರಲ್ಲಿ.

1980ರ ದಶಕದ ಕೊನೆಯಲ್ಲಿ ನಾನು ಸೇವೆಗೆ ಸೇರುವ ಹೊತ್ತಿಗೆ ಹಾದಿಯನ್ನು ಬೇರೊಬ್ಬರು ಕಡಿದಿಟ್ಟಿದ್ದರು. 1949ರಲ್ಲಿ ಈ ಸೇವೆಗೆ ಬಂದ ಮೊದಲ ಮಹಿಳೆ, ಕೊಡಗಿನ ಸಿ.ಬಿ. ಮುತ್ತಮ್ಮನವರು, ಮದುವೆಯಾದರೆ ರಾಜೀನಾಮೆ ನೀಡುವುದಾಗಿ ಬರೆದುಕೊಡಬೇಕಾಗಿತ್ತು. ಮದುವೆಗೆ ಮುನ್ನ ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮವೂ ಮಹಿಳೆಯರಿಗೆ ಮಾತ್ರ ಇತ್ತು. ಅವರು ಹೂಡಿದ ಮೊಕದ್ದಮೆಯಲ್ಲಿ, 1979ರಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಇಂಥ ತಾರತಮ್ಯವನ್ನು ಕಟುವಾಗಿ ಟೀಕಿಸಿದರು. ನಿಯಮ ಹೋದರೂ ರೂಢಿ ಉಳಿದಿತ್ತು. ನಿಯೋಗದಲ್ಲಿ ಒಬ್ಬಳೇ ಹೆಣ್ಣುಮಗಳಿದ್ದರೆ ಮೇಜಿನ ತುದಿಯಲ್ಲಿ ಕುಳಿತು ಟಿಪ್ಪಣಿ ಬರೆಯುವ ಕೆಲಸ ಯಾರೂ ಹೇಳದೆಯೇ ಅವಳ ಪಾಲಿಗೆ ಬರುತ್ತಿತ್ತು.

ಅದು ನನಗೆ ಲಾಭವೇ ಆಯಿತೆಂದು ಈಗಲೂ ನಂಬಿದ್ದೇನೆ. ನಿಯೋಗದ ಮುಖ್ಯಸ್ಥರು ತಾವು ಮುಂದೆ ಆಡಬೇಕಾದ ಮಾತನ್ನು ಯೋಚಿಸುತ್ತಿರುವಾಗ, ಎದುರಿನವರು ಯಾವ ಪ್ರಶ್ನೆಗೆ ತಡವರಿಸಿದರು, ಯಾವ ವಿಷಯವನ್ನು ಎತ್ತಲೇ ಇಲ್ಲ ಎಂಬುದನ್ನು ಗಮನಿಸುವ ಬಿಡುವು ಇರುವುದು ಆ ಕುರ್ಚಿಯಲ್ಲಿ ಕುಳಿತವರಿಗೆ ಮಾತ್ರ. ಕೈರೋದಲ್ಲಿ ಅರಬ್ಬಿ ಕಲಿತಿದ್ದರಿಂದ, ದುಭಾಷಿ ಬಾಯಿ ತೆರೆಯುವ ಮೊದಲೇ ಮೂಲ ಮಾತು ನನ್ನ ಕಿವಿಗೆ ಬಿದ್ದಿರುತ್ತಿತ್ತು. ಅವರು ಸೌಜನ್ಯದಿಂದ ಮೆದುಗೊಳಿಸಿದ ವಾಕ್ಯವನ್ನು ನಾನು ಅದರ ಮೂಲ ಬಿರುಸಿನಲ್ಲಿಯೇ ದಾಖಲಿಸುತ್ತಿದ್ದೆ.

ಊಟದ ಮೇಜಿನಲ್ಲಿ ಪೆನ್ನು ತೆಗೆಯುತ್ತಿರಲಿಲ್ಲ, ಏಕೆಂದರೆ ಪೆನ್ನು ಕಂಡೊಡನೆ ಮಾತು ಬಿಗಿಯಾಗುತ್ತದೆ. ಎಷ್ಟೇ ದಣಿದಿದ್ದರೂ ದಾಖಲೆಯನ್ನು ಅದೇ ರಾತ್ರಿ ಬರೆಯುತ್ತಿದ್ದೆ. ಮಂಡಿಗೆ ಕಳಿಸುವ ಮುನ್ನ ನಮ್ಮ ಮನೆಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರ್ಪಡಿಸುತ್ತಿದ್ದಂತೆ, ಅವರು ಖಚಿತವಾಗಿ ಹೇಳಿದ್ದು, ಸುಳಿವಷ್ಟೇ ಕೊಟ್ಟದ್ದು, ನಾವು ಉತ್ತರಿಸಿದ್ದು ಇವುಗಳನ್ನು ಬೇರೆಬೇರೆಯಾಗಿ ಬರೆದು, ನನ್ನ ಊಹೆಯನ್ನು ಕೊನೆಯಲ್ಲಿ ಪ್ರತ್ಯೇಕ ಪರಿಚ್ಛೇದದಲ್ಲಿ ಇಡುತ್ತಿದ್ದೆ. ನಮ್ಮ ಕಡೆಯವರು ಆಡಿದ್ದನ್ನು ಬರೆಯುವುದು ಹೆಚ್ಚು ಕಷ್ಟ. ಮೇಲಧಿಕಾರಿಗೆ ತಾನು ಆಡಿದ ಮಾತು ಮರುದಿನ ಹೆಚ್ಚು ದಿಟ್ಟವಾಗಿ ನೆನಪಾಗುವುದು ಸಹಜ.

ಮುಂದೆ ನಾನೇ ರಾಯಭಾರಿಯಾದಾಗ, ರಾಷ್ಟ್ರಪತಿಗಳು ಸಹಿ ಮಾಡಿದ ಅಧಿಕಾರಪತ್ರವನ್ನು ಆ ದೇಶದ ಮುಖ್ಯಸ್ಥರಿಗೆ ಸಲ್ಲಿಸಿದ ಸಮಾರಂಭದ ಫೋಟೋಗಳನ್ನು ಊರಿನವರೆಲ್ಲ ನೋಡಿದರು. ಅಂದು ನನಗೆ ಮುಖ್ಯವೆನಿಸಿದ್ದು ಅದರ ಬೆನ್ನಿಗೇ ನಡೆದ ಕಿರು ಖಾಸಗಿ ಭೇಟಿ. ಅದರ ದಾಖಲೆಯನ್ನು ಕಿರಿಯರಿಗೆ ವಹಿಸದೆ ನಾನೇ ಬರೆದೆ.

ಈಗ ಬರುವ ವಿದ್ಯಾರ್ಥಿನಿಯರಿಗೆ, ಒಂದು ಗ್ರಾಮಸಭೆಯಲ್ಲಿ ಕಾಗದವಿಲ್ಲದೆ ಕುಳಿತು, ಮನೆಗೆ ಹೋಗಿ ಒಂದು ಪುಟ ಬರೆದು ತರಲು ಹೇಳುತ್ತೇನೆ. ತಂದದ್ದನ್ನು ಓದುವಾಗ ನಾನು ಮೊದಲು ಹೊಡೆದುಹಾಕುವುದು ಅವರ ವಿಶೇಷಣಗಳನ್ನು.